ಫ್ಯೂಜಿನ ಡಬ್ಬಿಯ ಕಿಲುಬು

ಹಣಮಂತರಾಯರ ಕಾರಿನ ಕರೆಂಟು ಪದೇ ಪದೇ ಕೆಡುವುದಕ್ಕೆ ಅದರ ಡ್ರೈವರ್ ರಾಜರತ್ನನ ಕೈಗುಣವೇ ಕಾರಣ ಎಂದು ಹಣಮಂತರಾಯರು ಬಬಲೇಶ್ವರದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೂತು ಹೇಳಿದರು. ಮಾತು ತಿಕೋಟಾ ಮುಟ್ಟಿತು. ಅಲ್ಲಿಯ ಒಂದು ಖಾಸಗಿ ಶಾಲೆಯವರು ರಾಜರತ್ನನಿಗೆ ಕೊಡುತ್ತೇವೆಂದಿದ್ದ ಬಸ್ಸಿನ ಕೆಲಸ ನಿಂತಿತು.

ಶಾಲೆಯ ವ್ಯವಹಾರ ನೋಡುವ ಭೀಮಾಶಂಕರ ಕೆಟ್ಟವನಲ್ಲ, ಅಂಜುಬುರುಕ. "ನೋಡಪಾ ರಾಜು, ಕೈ ಗಿಯ್ಯಿ ಇಂಥಾದ್ದೆಲ್ಲಾ ನಾ ನಂಬಂಗಿಲ್ಲ" ಎಂದ. "ಆದ್ರ ಸಣ್ಣ ಹುಡುಗೂರ ಗಾಡಿ. ತಾಯಿ ತಂದಿ ಬಂದು ನನ್ನ ಕೊಳ್ಳಪಟ್ಟಿ ಹಿಡೀತಾರ. ಸಾವ್ಕಾರ್ರು ಒಂದ ಫೋನ್ ಹಚ್ಚಿ, ತಪ್ಪು ಗಾಡೀದು, ರಾಜುಂದಲ್ಲ ಅಂದ್ರ ಸಾಕು. ಮರುದಿನಾನ ಬಸ್ಸಿನ ಕೀಲಿ ನಿನ್ನ ಕೈಯಾಗ ಇಡ್ತೇನಿ."

ತಾನು ನಂಬುವುದಿಲ್ಲ, ಆದರೆ ಊರು ನಂಬುತ್ತದಲ್ಲ ಎನ್ನುವ ಜನ ಇವರು. ಊರು ಇಂಥವರಿಂದಲೇ ತುಂಬಿದೆ ಎಂಬುದನ್ನು ಮಾತ್ರ ಮರೆತಿರುತ್ತಾರೆ.

ಹೀಗೆ ರಾಜರತ್ನನಿಗೆ ಬೇಕಾದದ್ದು ಒಂದು ಫೋನು. ಅದನ್ನು ಮಾಡಬೇಕಾದ ಬಾಯಿ ಹಣಮಂತರಾಯರದು.

ಆ ಬಾಯಿಯ ಪರಿಚಯ ಆಗಬೇಕು. ಹಣಮಂತರಾಯರು ಒಣದ್ರಾಕ್ಷಿಯ ವ್ಯಾಪಾರಿ. ಮನೆ ಬಬಲೇಶ್ವರದಲ್ಲಿ, ಗೋದಾಮು ತಿಕೋಟಾದಲ್ಲಿ, ಭಾಷಣ ಎಲ್ಲೆಡೆ. ಸಮಾನತೆಯ ಮೇಲೆ ಅವರು ಮಾತಾಡದ ಸಭೆ ಈ ಸೀಮೆಯಲ್ಲಿಲ್ಲ. ಪ್ರತಿ ಸಭೆಯಲ್ಲೂ ನಡುವೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, "ನನ್ನ ಜೀವ ದಿನಾ ಯಾರ ಕೈಯಾಗ ಇರ್ತೈತಿ ಗೊತ್ತೇನ್ರಿ? ನಮ್ಮ ರಾಜರತ್ನನ ಕೈಯಾಗ. ಕೇರಿ ಹುಡುಗ. ನಾ ಅವಂಗ ಸ್ಟೇರಿಂಗ್ ಕೊಟ್ಟೇನಿ. ರಾಜರತ್ನ, ಎದ್ದು ನಿಂದರು, ನೋಡ್ಲಿ ಮಂದಿ" ಎನ್ನುತ್ತಿದ್ದರು. ರಾಜರತ್ನ ಮೊದಲೇ ನಿಂತಿರುತ್ತಿದ್ದ. ಅವನಿಗೆ ಯಾರೂ ಕುರ್ಚಿ ಹಾಕಿರುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು. ರಾಯರಿಗೆ.

ಇನ್ನು ಕಾರು. ಮೈಯೆಲ್ಲ ಬಿಳಿ, ಒಳಗೆಲ್ಲ ಬುದ್ಧಿಗೇಡು. ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ, ಹನಿ ಮಳೆಯಿಲ್ಲದ ಬಿಜ್ಜರಗಿ ದಾರಿಯಲ್ಲಿ, ತಾನಾಗಿಯೇ ವೈಪರ್ ಆಡಿಸುತ್ತ ಧೂಳನ್ನು ಗಾಜಿಗೆ ಬಳಿಯುತ್ತಿತ್ತು. ತಿಕೋಟಾದ ಸಂತೆಯಲ್ಲಿ ಹಾರ್ನು ತಾನೇ ಶುರುವಾಗಿ, ಉಳ್ಳಾಗಡ್ಡಿ ಮಾರುವವಳ ಬೈಗುಳಕ್ಕೂ ನಿಲ್ಲಲಿಲ್ಲ. ಕಿಟಕಿಯ ಗಾಜು ಇಳಿದರೆ ಏರುವುದಿಲ್ಲ, ಏರಿದರೆ ಇಳಿಯುವುದಿಲ್ಲ. ಎಡಕ್ಕೆ ಸಿಗ್ನಲ್ ಹಾಕಿದರೆ ಒಳಗಿನ ದೀಪ ಹತ್ತುತ್ತಿತ್ತು. ಹೊಸ ಬ್ಯಾಟರಿ ಹಾಕಿದರು, ಅದು ಸತ್ತಿತು. ಕಂಪನಿಯವರು ಕಂಪ್ಯೂಟರ್ ಜೋಡಿಸಿ ನೋಡಿ ಗೋಣು ಅಲ್ಲಾಡಿಸಿದರು. ಗಾಲಿಯ ಕೆಳಗೆ ಲಿಂಬೆಹಣ್ಣು ಒಡೆಸಿದರು. ಲಿಂಬೆಹಣ್ಣು ಒಡೆಯಿತು, ಅಷ್ಟೇ.

ನಿಂತ ಗಾಡಿಯನ್ನು ಯಾವುದೋ ವೈರು ಅಲುಗಾಡಿಸಿ, ಎಲ್ಲೋ ತಟ್ಟಿ, ಹೇಗೋ ಮನೆ ಮುಟ್ಟಿಸುತ್ತಿದ್ದವನು ರಾಜರತ್ನ. ಅದಕ್ಕೇ ಅವನನ್ನು ಬಿಡಿಸಿರಲಿಲ್ಲ. ಬೈಯಲೂ ಅವನೇ ಬೇಕು, ತಳ್ಳಲೂ ಅವನೇ ಬೇಕು.

ಫೋನಿನ ಮಾತು ಅವನು ಎತ್ತಿದಾಗಲೆಲ್ಲ ರಾಯರು "ನೋಡೂಣಂತ" ಎನ್ನುತ್ತಿದ್ದರು.

ಆವತ್ತು ವಿಜಯಪುರದ ಒಂದು ಕಾಲೇಜಿನಲ್ಲಿ ರಾಯರ ಭಾಷಣವಿತ್ತು. ಗೋದಾಮು ನೋಡಿಕೊಂಡು ತಿಕೋಟಾದಿಂದ ಹೊರಟರು. ಅರಕೇರಿಯ ಹತ್ತಿರ ಬರುವಾಗ ಮೀಟರಿನ ದೀಪಗಳೆಲ್ಲ ಒಮ್ಮೆಲೇ ಹತ್ತಿ, ಒಮ್ಮೆಲೇ ಆರಿ, ಕಾರು ರಸ್ತೆಯ ಬದಿಗೆ ಉಸಿರು ಬಿಟ್ಟು ನಿಂತಿತು. ಈ ಸಲ ತಟ್ಟಿದರೂ ಏಳಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ ಎಳೆದುಕೊಂಡು ಹೊರಟ. ಸಮಾನತೆಯ ಭಾಷಣಕಾರರು ಹಿಂದಿನ ಸೀಟಿನಲ್ಲಿ, ಏರದ ಗಾಜಿನಿಂದ ಬರುವ ಧೂಳಿಗೆ ಶಾಲು ಅಡ್ಡ ಹಿಡಿದು, ಟ್ರ್ಯಾಕ್ಟರಿನ ವೇಗದಲ್ಲಿ ವಿಜಯಪುರ ಪ್ರವೇಶಿಸಿದರು.

ಅಥಣಿ ರಸ್ತೆಯಲ್ಲಿ ರಿಯಾಜನ ಅಂಗಡಿ. ಗಾಡಿಗಳ ವೈರಿಂಗ್ ಅವನ ಕಸುಬು. ರಾಯರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಡ್ರೈವರ್ ಕಡೆಯ ಬಾಗಿಲು ತೆಗೆದು, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ. ತೂರಿಸಿದಷ್ಟೇ ವೇಗದಲ್ಲಿ ಹೊರಗೆ ತೆಗೆದ.

"ಯಪ್ಪಾ" ಎಂದ ಮೂಗು ಹಿಡಿದುಕೊಂಡು. "ಸಾವ್ಕಾರ್ರ, ಒಳಗ ದನಾ ಏನರ ಕಟ್ಟತೀರೇನ್ರಿ?"

ರಾಯರು ಫೋನು ನೋಡತೊಡಗಿದರು.

ರಿಯಾಜ ಫ್ಯೂಜಿನ ಡಬ್ಬಿ ಬಿಚ್ಚಿ ತಂದು ಬಿಸಿಲಿಗೆ ಹಿಡಿದ. ಒಳಗೆಲ್ಲ ಹಸಿರು ಕಿಲುಬು, ಬುರುಬುರು ಉಬ್ಬಿದ್ದು. ಸೀಟಿನ ಕೆಳಗಿನ ಹಾಸು ಎತ್ತಿದ. ಹಾಸಿನಡಿ ಇನ್ನೂ ತೇವವಿತ್ತು. ಅಲ್ಲಿಂದ ಹಾದುಹೋದ ವೈರುಗಳ ತಾಮ್ರ ಬೂದಿಯಂತೆ ಉದುರುತ್ತಿತ್ತು.

"ರಾಜು, ನೀರ ಹೊಡದು ತೊಳದೇನೋ ಇದನ್ನ?"

"ನಾ ಅಲ್ಲ. ದಿನಾ ಸಂಜಿಕೆ ಕೀಲಿ ಕಟ್ಟೀ ಮ್ಯಾಲ ಇಟ್ಟು ಮನೀಗಿ ಹೋಗ್ತೇನಿ. ಮುಂಜಾನಿ ಬಂದಾಗ ಸೀಟ ಹಸಿ ಇರ್ತೈತಿ. ಮ್ಯಾಟ ತೊಳದೀವಿ ಅಂತಾರ ಅಕ್ಕಾರು."

"ನೀರಲ್ಲ ಬಿಡು ಇದು. ನನ್ನ ಮನ್ಯಾಗೂ ಎಮ್ಮಿ ಅದಾವ, ನನಗ ವಾಸನಿ ತಿಳೀತೈತಿ. ಅದೂ ಒಂದ ಬಾಜು ಅಷ್ಟ. ಹಿಂದಿನ ಸೀಟ ನೋಡು, ಖಡಕ್ ಒಣಗೈತಿ. ಬರೇ ಡ್ರೈವರ್ ಕೂಡೂ ಜಾಗಾಕ್ಕ ಸುರದಾರ. ಯಾಕ್ರಿ ಸಾವ್ಕಾರ್ರ, ಡ್ರೈವರನ ಮ್ಯಾಲ ಅಷ್ಟ ಪ್ರೀತಿ?"

ರಾಜರತ್ನನಿಗೆ ಬೆಳಗಿನ ಆ ವಾಸನೆ ಗೊತ್ತಿರಲಿಲ್ಲ ಎಂದಲ್ಲ. ಅದರ ಮೇಲೆ ಮಲ್ಲಿಗೆಯ ಸೆಂಟು ಹೊಡೆದಿರುತ್ತಿದ್ದರು. ಅದರ ಕೆಳಗೆ ಏನಿದೆ ಎಂದು ಕೇಳಿಕೊಳ್ಳಲು ಅವನ ಮನಸ್ಸು ಇಷ್ಟು ದಿನ ಒಪ್ಪಿರಲಿಲ್ಲ. ಈಗ ಡಬ್ಬಿ ಎದುರಿಗಿತ್ತು.

"ಅದು ಆರೋಗ್ಯದ ವಿಷಯ" ಎಂದರು ರಾಯರು, ವೇದಿಕೆಯ ಕನ್ನಡದಲ್ಲಿ. "ಗೋಮೂತ್ರದಿಂದ ಕ್ರಿಮಿಕೀಟಗಳು ನಾಶವಾಗುತ್ತವೆ. ಮನೆಯಲ್ಲಿ ಅವರು ಹಾಕುತ್ತಾರೆ. ಇದರಲ್ಲಿ ಭೇದದ ಪ್ರಶ್ನೆಯೇ ಬರುವುದಿಲ್ಲ."

"ಕ್ರಿಮಿ ಸತ್ತಾವೋ ಇಲ್ಲೋ ಗೊತ್ತಿಲ್ರಿ" ಎಂದ ರಿಯಾಜ. "ವೈರಂತೂ ಎಲ್ಲಾ ಸತ್ತಾವ."

ಮನೆಯಲ್ಲಿ ಅವರು ಎಂದರೆ ಹೆಂಡತಿ ಸುಮಂಗಲಾ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಊರೆಲ್ಲ ಅವರನ್ನು ಅಕ್ಕಾರು ಎನ್ನುತ್ತದೆ. ಕೇರಿಯವನು ಇಳಿದುಹೋದ ಸೀಟಿಗೆ, ಸ್ಟೇರಿಂಗಿಗೆ, ಗೇರಿಗೆ ತಂಬಿಗೆಯಿಂದ ಸುರಿಯುತ್ತಿದ್ದರು. ಅದು ಸೋರಿ ಒಳಗಿಳಿಯುತ್ತಿತ್ತು. ಗಾಡಿ ಕೆಡುತ್ತಿತ್ತು. ಗಾಡಿ ಕೆಟ್ಟಿದ್ದಕ್ಕೆ ಮೈಲಿಗೆಯೇ ಕಾರಣವೆಂದು ಇನ್ನೊಂದು ತಂಬಿಗೆ ಹೆಚ್ಚು ಸುರಿಯುತ್ತಿದ್ದರು. ಇನ್ನಷ್ಟು ಕೆಡುತ್ತಿತ್ತು. ಎರಡು ಡಿಗ್ರಿ ಓದಿದ ಮನೆಯಲ್ಲಿ ಇದು ನಡೆದಿತ್ತು, ಯಾರಿಗೂ ನಗು ಬಂದಿರಲಿಲ್ಲ.

ರಾಜರತ್ನ ರಾಯರ ಕುರ್ಚಿಯ ಮುಂದೆ ಬಂದು ನಿಂತ.

"ಸಾವ್ಕಾರ್ರ, ಈಗ ಗೊತ್ತಾತಲ್ರಿ ಯಾರ ಕೈ ಅಂತ. ಭೀಮಾಶಂಕರಗ ಈಗ ಫೋನ್ ಹಚ್ರಿ."

"ಹಚ್ತೇನಪಾ. ಭಾಷಣಕ್ಕ ಹೊತ್ತಾಗೈತಿ. ಮನೀಗಿ ಹೋದಮ್ಯಾಲ ಹಚ್ತೇನಿ. ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?"

ರಾಯರು ಆಟೋ ಹತ್ತಿ ಕಾಲೇಜಿಗೆ ಹೋದರು. ಅಲ್ಲಿ ಆವತ್ತೂ ಕನ್ನಡಕ ಒರೆಸಿರಬೇಕು. ರಿಯಾಜ ಹೊಸ ಡಬ್ಬಿ ಕೂರಿಸಿ, ಸತ್ತ ವೈರುಗಳ ಜಾಗಕ್ಕೆ ಬೇರೆ ವೈರು ಎಳೆದ. ಮಧ್ಯಾಹ್ನದ ಹೊತ್ತಿಗೆ ಕಾರಿಗೆ ಬುದ್ಧಿ ಬಂದಿತ್ತು. ಎಡಕ್ಕೆ ಎಂದರೆ ಎಡಕ್ಕೇ ದೀಪ ಹತ್ತುತ್ತಿತ್ತು.

"ಮತ್ತ ಸುರದ್ರ ಮತ್ತ ಬರ್ತೈತಿ ಗಾಡಿ. ನನಗೇನು, ಧಂದೆ" ಎಂದ ರಿಯಾಜ. ಆಮೇಲೆ ದನಿ ತಗ್ಗಿಸಿ, "ಆ ಫೋನ್ ಹಚ್ಚೂತನಕ ಬಿಡಬ್ಯಾಡ ದೋಸ್ತ" ಎಂದ.

ಕಾಲೇಜಿನಿಂದ ರಾಯರನ್ನು ಹತ್ತಿಸಿಕೊಂಡು ಬಂದ ಕಾರು ಬಬಲೇಶ್ವರದ ಮನೆಯ ಮುಂದೆ ನಿಂತಾಗ ಇನ್ನೂ ಬಿಸಿಲಿತ್ತು. ದಾರಿಯಲ್ಲೇ ರಾಯರು ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದ್ದರು. ಸುಮಂಗಲಾ ಬಾಗಿಲಲ್ಲೇ ಕಾಯುತ್ತಿದ್ದರು. ಮುಖದಲ್ಲಿ ನಾಚಿಕೆ ಇರಲಿಲ್ಲ. ಒಂದು ಪರಿಹಾರ ಹೊಳೆದ ಕಳೆ ಇತ್ತು. ಕೈಯಲ್ಲಿ ಕ್ಷೌರದಂಗಡಿಯಲ್ಲಿ ತಲೆಗೆ ನೀರು ಚಿಮುಕಿಸುವಂಥ ಒತ್ತುವ ಬಾಟಲಿ. ಒಳಗೆ ಹಳದಿ.

"ರಾಜು, ನಮ್ಮ ತಪ್ಪು ನಾವು ಒಪ್ಪತೀವಪಾ" ಎಂದರು. "ಸುರೀಬಾರದಿತ್ತು. ಇನ್ನ ಸುರ್ಯಂಗಿಲ್ಲ. ಈ ಬಾಟ್ಲಿಲೆ ಸಣ್ಣಂಗ ಒಂದೆರಡ ಸಲ ಹೊಡದ್ರ ಸಾಕು, ವೈರಿಗೇನೂ ಆಗಂಗಿಲ್ಲ. ವೈರ್ ಎಲ್ಲೆಲ್ಲಿ ಅದಾವ ನಿನಗೀಗ ಗೊತ್ತೈತಿ. ನೀನ ಇಳ್ಯೂಮುಂದ ಹೊಡದು ಕೀಲಿ ಕೊಡು."

ಬಾಟಲಿಯನ್ನು ಅವನ ಕೈಗೆ ಕೊಡಲಿಲ್ಲ. ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದರು. ಅವನು ಎತ್ತಿಕೊಳ್ಳಲಿ ಎಂದು.

ರಾಯರು ಫೋನಿನಲ್ಲಿ ಭೀಮಾಶಂಕರನ ನಂಬರು ತೆಗೆದು, ಅದು ಕಾಣುವಂತೆ ಹಿಡಿದರು. "ನೋಡು, ಹಚ್ಚಾಕತ್ತೇನಿ. ತಪ್ಪು ಗಾಡೀದು, ಹುಡುಗ ಚೊಲೋ ಅದಾನ ಅಂತ ನಿನ್ನ ಮುಂದ ಹೇಳ್ತೇನಿ. ಅಷ್ಟರೊಳಗ ನೀ ಅದನ್ನ ಹೊಡದ ಬಿಡು. ಹೊಸಾ ಡ್ರೈವರ್ ಬರೂತನಕ ಅಷ್ಟ. ಇದೇನ್ ದೊಡ್ಡ ಕೆಲಸಲ್ಲ."

ರಾಜರತ್ನ ಕಾರಿನ ಕೀಲಿಯನ್ನು ಬಾಟಲಿಯ ಪಕ್ಕದಲ್ಲಿಟ್ಟ. ಬಾಟಲಿ ಮುಟ್ಟಲಿಲ್ಲ.

"ಫೋನ್ ಹಚ್ಚೂದು ಬಿಡೂದು ನಿಮಗ ಬಿಟ್ಟದ್ರಿ. ನಾ ಕೂತ ಜಾಗಾಕ್ಕ ನಾನ ಇದನ್ನ ಹೊಡ್ಯಂಗಿಲ್ಲ."

"ಅಲ್ಲೋ, ಶ್ಯಾಣ್ಯಾ ಅದೀದಿ ಅಂತ ಹೇಳಾಕತ್ತೇನಿ" ಎಂದರು ರಾಯರು. "ಸಾಲಿ ಬಸ್ಸು ಬ್ಯಾಡೇನು ನಿನಗ?"

"ಬೇಕ್ರಿ."

"ಮತ್ತ ಹೊಡಿ."

"ಹೊಡ್ಯಂಗಿಲ್ರಿ."