ಏಳನೆಯ ಕೋಟಿನ ಎಡತೋಳು

ಒಂದು ಕಾಲವಿತ್ತಂತೆ. ಆ ಕಾಲದಲ್ಲೊಂದು ಕೋಟಿನ ಕಾರ್ಖಾನೆ, ಕಾರ್ಖಾನೆಯಲ್ಲೊಂದು ಉದ್ದನೆಯ ಮೇಜು, ಮೇಜಿನ ಐದನೆಯ ಮೆಷಿನ್ನಿನ ಮುಂದೆ ಒಬ್ಬ ಹುಡುಗಿ. ಎಡತೋಳು ಕೂರಿಸುವುದಷ್ಟೇ ಅವಳ ಕೆಲಸ. ಬಲತೋಳು ಪಕ್ಕದವಳದು, ಕಾಲರ್ ಆಚೆಯವಳದು, ಗುಂಡಿ ಇನ್ನೊಂದು ಕೋಣೆಯದು. ಇಪ್ಪತ್ತೆರಡು ವರ್ಷ ಕೋಟುಗಳು ಅವಳ ಕೈಯಿಂದ ಒಂದೇ ತೋಳು ತೊಟ್ಟು ಓಡಿಹೋದವು. ಪೂರ್ತಿಯಾದ ಒಂದನ್ನೂ ಅವಳು ಮೈಮೇಲೆ ಹಾಕಿ ನೋಡಲಿಲ್ಲವಂತೆ.

ಅಜ್ಜಿ ಈ ಕಥೆ ಹೇಳುವಾಗ ಮೊಮ್ಮಗಳು ಅಡುಗೆಮನೆಯ ನೀಲಿ ಪರದೆಯೊಳಗೆ ಸುತ್ತಿಕೊಂಡು ಕೇಳುತ್ತಿದ್ದಳು. ಕೆಲಸ ಬಿಟ್ಟ ದಿನ ಕಾರ್ಖಾನೆಯವರು ಅಜ್ಜಿಗೆ ಕೊಟ್ಟ ಉಣ್ಣೆಬಟ್ಟೆ ಅದು. "ನನಗ್ಯಾಕೆ ಈ ವಯಸ್ಸಲ್ಲಿ ಕೋಟು" ಎಂದು ಅಜ್ಜಿ ಅದನ್ನು ಕಿಟಕಿಗೆ ಕಟ್ಟಿದ್ದಳು. ಒಂಬತ್ತು ವರ್ಷದ ಹುಡುಗಿ ಪರದೆಯೊಳಗಿಂದಲೇ ಮಾತು ಕೊಟ್ಟಳು: "ನಾನು ನಿಂಗೊಂದು ಪೂರ್ತಿ ಕೋಟು ಹೊಲಿದುಕೊಡ್ತೀನಿ ಅಜ್ಜಿ. ಎಡತೋಳು ಮಾತ್ರ ನೀನೇ ಕೂರಿಸ್ಬೇಕು."

ಹದಿನೈದು ವರ್ಷದ ಮೇಲೆ ಆ ಮಾತಿನ ದಿನ ಬಂದಿತ್ತು. ಹೊಲಿಗೆ ಕಲಿತ ಮೊಮ್ಮಗಳು ಅಜ್ಜಿಯ ಬದುಕಿನ ಮೇಲೆ ಏಳು ಕೋಟು ಹೊಲಿದಿದ್ದಳು, ಸಂಜೆ ಅವುಗಳ ಪ್ರದರ್ಶನ. ಮೊದಲನೆಯದಕ್ಕೆ ಶಾಲೆ ಬಿಟ್ಟ ಹುಡುಗಿಯ ಪುಟ್ಟ ಕಾಲರ್, ನಾಲ್ಕನೆಯದಕ್ಕೆ ಊಟದ ಡಬ್ಬಿ ಹಿಡಿಸುವಷ್ಟು ದೊಡ್ಡ ಜೇಬು, ಆರನೆಯದಕ್ಕೆ ತಾತನ ಅಂಗಿಗಳ ಗುಂಡಿ. ಏಳನೆಯದು ಆ ಪರದೆಯದೇ. ಅದನ್ನು ತೊಟ್ಟು ಅಜ್ಜಿಯೇ ವೇದಿಕೆಯ ಮೇಲೆ ನಡೆಯಬೇಕು. ಎಲ್ಲ ಮುಗಿದು, ಎಡತೋಳೊಂದು ಅಜ್ಜಿಯ ಕೈಗಾಗಿ ಕಾದಿತ್ತು.

ಮಧ್ಯಾಹ್ನ ಒಂದೂವರೆ ಗಂಟೆಗೆ, ವೇದಿಕೆಯ ಹಿಂದಿನ ಕೋಣೆಯಲ್ಲಿ ಅಜ್ಜಿ ಮೆಷಿನ್ನಿನ ಮುಂದೆ ಕೂತಳು. ತೋಳನ್ನು ಎತ್ತಿ ಕೋಟಿನ ಕಂಕುಳ ಅಂಚಿಗೆ ಹಿಡಿದಳು. ಹೆಬ್ಬೆರಳು ಅಂಚಿನುದ್ದಕ್ಕೂ ಸರಿದು, ತಟ್ಟನೆ ನಿಂತಿತು.

"ಇದು ಬಲಗೈ."

"ಅಲ್ಲ ಅಜ್ಜಿ, ಎಡಗೈದೇ."

"ಯಾರಿಗೆ ಹೇಳ್ತಿದೀಯಾ ಕನಸಮ್ಮ? ಮುಂದೆ ಬರಬೇಕಾದ ತೋಳಿನ ಇಳಿಜಾರು ಹಿಂದಕ್ಕೆ ಬಂದಿದೆ ನೋಡು."

ಮೊಮ್ಮಗಳು ತೋಳನ್ನು ಕಸಿದು ನೋಡಿದಳು. ಬಟ್ಟೆ ಸಾಲದೆಂದು ಅವಳು ಅದನ್ನು ಮಡಿಸದೆ ಒಂಟಿಪದರದಲ್ಲಿ ಕತ್ತರಿಸಿದ್ದಳು. ಹಾಗೆ ಕತ್ತರಿಸುವಾಗ ಎರಡನೆಯ ತೋಳಿಗೆ ಅಳತೆಯ ಕಾಗದವನ್ನು ಮಗುಚಿ ಹಾಕಬೇಕು. ಮಗುಚಿರಲಿಲ್ಲ. ಎರಡೂ ಬಲತೋಳು! ಕತ್ತರಿ ಹಿಡಿದಾಗ ಮನಸ್ಸು ಎಲ್ಲಿತ್ತೋ, ಬಹುಶಃ ಆ ಐದನೆಯ ಮೆಷಿನ್ನಿನ ಹತ್ತಿರವೇ ಇತ್ತು.

ಉಳಿದ ಚೂರುಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಅಂಗೈಗಿಂತ ದೊಡ್ಡದೊಂದೂ ಇರಲಿಲ್ಲ.

ಬಾಗಿಲಲ್ಲಿ ಪಟ್ಟಿ ಹಿಡಿದ, ಪ್ರದರ್ಶನದ ಉಸ್ತುವಾರಿಯ ಮೇಡಂ ಕಾಣಿಸಿಕೊಂಡರು. "ಏನ್ರೀ, ಆಯ್ತಾ? ಮೂರಕ್ಕೆ ಏಳೂ ಸ್ಟ್ಯಾಂಡಲ್ಲಿರ್ಬೇಕು. ಆರಿದ್ರೆ ಆರೂ ವಾಪಸ್ಸು. ಆಮೇಲೆ ನನ್ನ ಮುಂದೆ ಅಳೋ ಹಾಗಿಲ್ಲ."

"ಆಗ್ತಾ ಇದೆ ಮೇಡಂ."

"ಮುಖ ನೋಡಿದ್ರೆ ಹಾಗನ್ನಿಸ್ತಿಲ್ಲ." ಅವರು ಗಡಿಯಾರ ತೋರಿಸಿ ಹೋದರು.

ಎರಡಕ್ಕೆ ಇನ್ನು ಹತ್ತು ನಿಮಿಷ. "ತೋಳಿಲ್ಲದ ಕೋಟು ಅಂತ ಮಾಡ್ಬಿಡ್ಲಾ ಅಜ್ಜಿ? ಬಲತೋಳೂ ಬಿಚ್ಚಿಬಿಡ್ತೀನಿ."

"ಬಿಚ್ಚು. ಆಗ ನಾನು ಇಲ್ಲೇನು ನೊಣ ಹೊಡೀಲಾ?"

ಅಜ್ಜಿ ತೋಳಿನೊಳಗೆ ಕೈ ತೂರಿಸಿ, ತುದಿ ಹಿಡಿದೆಳೆದು, ಅದನ್ನು ಒಳಹೊರಗು ಮಾಡಿದಳು. ಮತ್ತೆ ಕಂಕುಳಿಗೆ ಹಿಡಿದಳು. ಇಳಿಜಾರು ಮುಂದಕ್ಕೆ ಬಂತು.

"ಈಗ ಎಡಗೈ. ಉದ್ದದ ಹೊಲಿಗೆ ಬಿಚ್ಚಿ ಈ ಕಡೆಯಿಂದ ಹಾಕು. ಬೇಗ!"

"ಬಣ್ಣ ಬೇರೆ ಅಜ್ಜಿ! ಕೋಟೆಲ್ಲ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದೆ, ಇದು ಕಡುನೀಲಿ."

"ಅದು ಕಿಟಕಿ ಕಡೆ ಇದ್ದ ಮುಖ. ಇದು ನಮ್ಮ ಕಡೆ ಇದ್ದಿದ್ದು. ಎರಡೂ ನನ್ನದೇ ಪರದೆ ತಾನೇ?"

ಮೊಮ್ಮಗಳು ಬ್ಲೇಡು ಹುಡುಕಿದಳು. ಬಿಚ್ಚಿ, ಹೊಲಿದು, ಇಸ್ತ್ರಿ ಒತ್ತುವಷ್ಟರಲ್ಲಿ ಎರಡೂಕಾಲು.

ಅಜ್ಜಿ ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿದಳು. ಸೂಜಿಗೆ ದಾರ ಮೂರು ಸಲವೂ ತಪ್ಪಿತು. ಮೊಮ್ಮಗಳು ಪೋಣಿಸಿದಳು. ಪೆಡಲ್ ಒತ್ತಿದ್ದೇ ತಡ ಮೆಷಿನ್ ಹುಚ್ಚುಕುದುರೆಯಂತೆ ನುಗ್ಗಿ, ಅಜ್ಜಿಯ ಬೆರಳು ಸೂಜಿಯಿಂದ ಕೂದಲೆಳೆಯಲ್ಲಿ ಪಾರಾಯಿತು.

"ಅಜ್ಜಿ, ಕೊಡು, ನಾನು—"

"ಕೈ ತೆಗಿ. ಮಾತು ಯಾರು ಕೊಟ್ಟಿದ್ದು?"

ಮೊಮ್ಮಗಳು ಕೈ ಹಿಂತೆಗೆದಳು. ವೇಗದ ಗುಂಡಿಯನ್ನು ಪೂರ್ತಿ ತಗ್ಗಿಸಿದಳು. ಅಜ್ಜಿ ಚಪ್ಪಲಿ ಕಳಚಿ ಬರಿಗಾಲನ್ನು ಪೆಡಲಿನ ಮೇಲಿಟ್ಟಳು. ಕೈ ನಡುಗಿದರೂ ಕಾಲು ನಡುಗಲಿಲ್ಲ. ಒಂದೇ ಒಂದು ಗುಂಡುಸೂಜಿಯಿಲ್ಲದೆ, ಹೆಬ್ಬೆರಳಿನಿಂದ ಒಂದಿಷ್ಟೇ ಬಟ್ಟೆ ತಳ್ಳುತ್ತಾ, ನಿಲ್ಲಿಸುತ್ತಾ, ತಳ್ಳುತ್ತಾ ಭುಜದ ತಿರುವಿಗೆ ಬಂದಳು. ಅಲ್ಲೇ ನೆರಿಗೆ ಬೀಳುವುದು. ಮೊಮ್ಮಗಳು ಉಸಿರು ಬಿಗಿಹಿಡಿದಳು.

"ಉಸಿರಾಡು ಮಾರಾಯ್ತಿ. ನೀನು ಬಿದ್ದುಹೋದ್ರೆ ಎತ್ತೋಕೆ ಟೈಮಿಲ್ಲ."

ನೆರಿಗೆ ಬೀಳಲಿಲ್ಲ. ಸುತ್ತು ಬಂದ ಹೊಲಿಗೆ ಶುರುವಾದಲ್ಲಿಗೇ ಬಂದು ಸೇರಿತು. ಅಜ್ಜಿ ದಾರವನ್ನು ಹಲ್ಲಿನಿಂದ ಕಚ್ಚಿದಳು. ಅಭ್ಯಾಸಬಲದಿಂದ, ಮುಂದಿನವಳಿಗೆಂದು ಕೋಟನ್ನು ಬಲಕ್ಕೆ ದೂಡಿದಳು.

ಬಲಕ್ಕೆ ಮೊಮ್ಮಗಳು ನಿಂತಿದ್ದಳು.

ಎರಡು ಐವತ್ತೆರಡು. ಮೇಡಂ ಮತ್ತೆ ಬಾಗಿಲಿಗೆ ಬಂದರು, ಪಟ್ಟಿಯಲ್ಲಿ ಏಳನೆಯದಕ್ಕೂ ಗುರುತು ಹಾಕಿದರು. ಮೊಮ್ಮಗಳು ಕೋಟನ್ನು ಬಿಡಿಸಿ ಹಿಡಿದಳು. ಅಜ್ಜಿ ಮೊದಲು ಬೂದಿಬಣ್ಣದೊಳಗೆ ಬಲಗೈ ತೂರಿಸಿದಳು, ಆಮೇಲೆ ಕಡುನೀಲಿಯೊಳಗೆ ಎಡಗೈ. ಮೊಮ್ಮಗಳು ಮುಂದೆ ಬಂದು, ಮೇಲಿನಿಂದ ಕೆಳಕ್ಕೆ, ಐದು ಗುಂಡಿಗಳನ್ನೂ ಹಾಕಿದಳು.