ಒತ್ತಿ ಬರೀರಿ

"ಹಾರ ಅಲ್ಲೇ ಇಡಿ. ಅಪ್ಪನ ಮೇಲೆ ಹಾಕ್ಬೇಡಿ."

ಮಗಳು ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತುಬಿಟ್ಟಿದ್ದಳು. ಹೊರಗೆ ಹಾರ ಹಿಡಿದ ಮಾಲೀಕ. ಅವನ ಬೆನ್ನಿಗೆ ಅವನ ಭಾವಮೈದ, ಗೋಡೌನಿನ ಉಸ್ತುವಾರಿ. ಒಳಗೆ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮೂವತ್ತೊಂದು ವರ್ಷ ಅವರ ಕಂಪನಿಯ ಬಿಲ್ಲು ಬರೆದು ಕೊನೆಗೆ ಕಳ್ಳ ಎನಿಸಿಕೊಂಡು ಮನೆಗೆ ಬಂದ ಗುಮಾಸ್ತ.

"ಸತ್ತವರ ಮುಂದೆ ಜಗಳ ಯಾಕಮ್ಮ," ಅಂದ ಸೋದರಮಾವ.

"ಕಳ್ಳ ಅಂತ ಬರೆದುಕೊಟ್ಟೋರು ಇವ್ರು ಮಾವ. ಅದು ಹೋಗದೆ ಅಪ್ಪ ಈ ಮನೆಯಿಂದ ಹೊರಡಲ್ಲ."

"ಗಾಡಿ ಬಂದು ನಿಂತಿದೆ..."

"ನಿಲ್ಲಲಿ. ಪೈಪಿನಂಗಡಿ ಅಕ್ಕ ಹೊರಟಿದ್ದಾರೆ, ಫೈಲು ತರ್ತಿದ್ದಾರೆ."

ಫೈಲು ಎಂದ ಕೂಡಲೇ ಭಾವಮೈದ ಕತ್ತು ಒರೆಸಿಕೊಂಡ.

*

ಗುಮಾಸ್ತನದು ಒಂದೇ ಹಟ. ಬರೆದ ಬಿಲ್ಲು ಹರಿಯಬಾರದು. ಮಾಲು ವಾಪಸ್ ಬಂತೋ, ದರ ಹೆಚ್ಚು ಬಿತ್ತೋ, ಗಿರಾಕಿಯ ಬಾಕಿಯಿಂದ ಕಳೆಯುವ ಕ್ರೆಡಿಟ್ ನೋಟು. ಕಮ್ಮಿ ಬಿತ್ತೋ, ಬಾಕಿಗೆ ಕೂಡಿಸುವ ಡೆಬಿಟ್ ನೋಟು. ನೋಟಿನ ತಲೆಯ ಮೇಲೆ ಹಳೆಯ ಬಿಲ್ಲಿನ ನಂಬರು, ತಾರೀಖು. ಮಾಲು ವಾಪಸಾದರೆ ಮಾರಿದವರ ವ್ಯಾಟ್ ತೆರಿಗೆ ಅಷ್ಟು ಇಳಿಯಬೇಕು, ಕೊಂಡವರು ತಮ್ಮ ಲೆಕ್ಕದಲ್ಲಿ ಕಡಿತ ಮಾಡಿಕೊಂಡಿದ್ದನ್ನು ಅಷ್ಟೇ ವಾಪಸ್ ಕಟ್ಟಬೇಕು. ಮಾಲು ತಲುಪಿತೆಂಬ ಗೋಡೌನಿನ ರಸೀದಿ ಕಾಣದೆ ಅವನ ಪೆನ್ನು ಏಳುತ್ತಿರಲಿಲ್ಲ. ಕಂಡರೆ, ಅದರ ಒಂದು ಪ್ರತಿಯನ್ನು ನೋಟಿಗೆ ಪಿನ್ನು ಚುಚ್ಚಿ ಗಿರಾಕಿಗೇ ಕಳಿಸುತ್ತಿದ್ದ. ಹಮಾಲಿಗಳು 'ಪಿನ್ನಣ್ಣ' ಅಂತಲೇ ಕರೆಯುತ್ತಿದ್ದರು.

ಪೈಪಿನಂಗಡಿಯಿಂದ ನಲವತ್ತು ವಾಷ್‌ಬೇಸಿನ್ ವಾಪಸ್ ಬಂದ ದಿನ ಭಾವಮೈದ ಮೇಜಿಗೆ ಒರಗಿ ನಿಂತ.

"ಪಿನ್ನಣ್ಣ, ಈ ಸಲ ಚೀಟಿ ಬೇಡ. ಮಾಲು ಬಂದೇ ಇಲ್ಲ ಅನ್ಕೋ. ಹೊರಗೆ ಗಿರಾಕಿ ಇದ್ದಾನೆ, ನಿನಗೂ ಒಂದಿಷ್ಟು ಸಿಗುತ್ತೆ."

"ರಸೀದಿ ಮೇಲೆ ನಿಮ್ಮದೇ ಸಹಿ ಇದೆ ಸಾರ್."

"ಅದನ್ನೇ ಮಾರಾಯ ಹರಿ ಅಂತಿರೋದು!"

ಗುಮಾಸ್ತ ಕಾರ್ಬನ್ ಇಟ್ಟ. ಒತ್ತಿ ಬರೆದ.

ವಾರ ಕಳೆಯುವಷ್ಟರಲ್ಲಿ ಬೇಸಿನ್ನೂ ಇಲ್ಲ, ಕಚೇರಿಯ ಪ್ರತಿಗಳೂ ಇಲ್ಲ. ಸುಳ್ಳು ನೋಟು ಬರೆದು ಮಾಲು ನುಂಗಿದ ಅಂತ ಭಾವಮೈದ. ಆ ಅಂಗಡಿಯ ಫೈಲು ತರಿಸಿ ನೋಡಿ ಅಂತ ಗುಮಾಸ್ತ. ಫೈಲು ಅಷ್ಟರಲ್ಲಿ ತೆರಿಗೆ ಕಚೇರಿಯ ತಪಾಸಣೆಗೆ ಹೋಗಿತ್ತು. ಕಾಯುವಷ್ಟು ವ್ಯವಧಾನ ಮಾಲೀಕನಿಗೆಲ್ಲಿತ್ತು? ಹೆಂಡತಿಯ ತಮ್ಮನನ್ನು ನಂಬುವುದು ಸಲೀಸು. ಕಳ್ಳತನದ ಆರೋಪ ಬರೆದ ವಜಾ ಪತ್ರಕ್ಕೆ ಮಾಲೀಕ ನಂಬರನ್ನೂ ಹಾಕಿ ಕೊಟ್ಟ.

*

ಪೈಪಿನಂಗಡಿಯವಳು ಹೆಲ್ಮೆಟ್ ಕೂಡ ತೆಗೆಯದೆ ನುಗ್ಗಿದಳು.

"ಎರಡು ವರ್ಷ ಇಟ್ಕೊಂಡು ನಿನ್ನೆ ಕೊಟ್ರು ತೆರಿಗೆ ಕಚೇರಿ ಪುಣ್ಯಾತ್ಮರು! ಓದಿ ಯಜಮಾನ್ರೇ. ನಾನು ತೆರಿಗೆ ವಾಪಸ್ ಕಟ್ಟಿದ್ದು ಇದು, ಅವರದೇ ಸೀಲು. ಇದು ಪಿನ್ನಣ್ಣನ ನೋಟು. ಅದರ ಹಿಂದೆ ಪಿನ್ನು ಹಾಕಿರೋ ರಸೀದಿ. 'ನಲವತ್ತು ಬೇಸಿನ್ ತಲುಪಿದೆ' ಅಂತಿದೆ. ಸಹಿ ಯಾರದು?"

ಮಾಲೀಕ ತಿರುಗಿ ನೋಡಿದ. ಭಾವಮೈದ ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದ.

"ನಿಧಾನಕ್ಕೆ ಹುಡುಕಿ ಸಾರ್," ಅಂದ ಒಬ್ಬ ಹಮಾಲಿ. "ಒಂದು ನನ್ನ ಕಾಲಡಿ ಇದೆ."

ಯಾರೋ ಕಿಸಕ್ಕನೆ ನಕ್ಕರು.

"ಆ ಪತ್ರ ಕೊಡಮ್ಮ, ಹರಿದು ಹಾಕ್ತೀನಿ," ಅಂದ ಮಾಲೀಕ.

"ಹರೀಬೇಡಿ! ನಮ್ಮಪ್ಪ ಒಂದು ಚೂರು ಕಾಗದ ಹರಿದೋರಲ್ಲ. ಇನ್ನೊಂದು ಬರೀರಿ. ಮೇಲೆ ಆ ಪತ್ರದ ನಂಬರು, ತಾರೀಖು ಹಾಕಿ."

ಅಪ್ಪನ ಪ್ಯಾಡನ್ನೂ ಕಾರ್ಬನ್ನನ್ನೂ ಅವಳೇ ತಂದುಕೊಟ್ಟಳು. ಮಾಲೀಕ ಹೊಸ್ತಿಲ ಮೇಲೆ ಕುಕ್ಕರಿಸಿ, ಕಾರ್ಬನ್ನನ್ನು ಒಮ್ಮೆ ತಲೆಕೆಳಗಾಗಿ ಇಟ್ಟು, ಸರಿಮಾಡಿ, ಬರೆಯತೊಡಗಿದ.

"ಒತ್ತಿ ಬರೀರಿ. ಕೆಳಗಿನ ಪ್ರತಿಗೂ ಬೀಳಬೇಕು."

"ಗಟ್ಟಿಯಾಗಿ ಓದಿ ಸಾರ್," ಹಮಾಲಿಯ ಕೂಗು. "ಗೇಟಿನ ಹತ್ರ ಇರೋರಿಗೂ ಕೇಳ್ಲಿ."

ಮಾಲೀಕ ಓದಿದ. "ಗುಮಾಸ್ತರು ಏನೂ ಕದ್ದಿಲ್ಲ. ಕದ್ದವನು ನನ್ನ ಭಾವಮೈದ. ನಂಬಿದ್ದು ನನ್ನ ತಪ್ಪು."

ಮೊದಲು ಚಪ್ಪಾಳೆ ತಟ್ಟಿದವನು ಜಗಳ ಬೇಡ ಎಂದಿದ್ದ ಸೋದರಮಾವ. ಆಮೇಲೆ ಇಡೀ ಅಂಗಳ.

ಮಗಳು ಹಳೆಯ ಪತ್ರಕ್ಕೆ ಹೊಸದನ್ನು ಪಿನ್ನು ಚುಚ್ಚಿ ಅಪ್ಪನ ಜೇಬಿಗೆ ಇಟ್ಟಳು. ಪ್ರತಿ ತನ್ನ ಬಳಿ ಉಳಿಸಿಕೊಂಡಳು.

"ಈಗ ಹಾಕಿ ಹಾರ."

ಮಾಲೀಕ ಬಾಗಿದ. ಹಾರ ಸರಿಮಾಡುವಾಗ ಕೈ ಕಾಲರಿಗೆ ಒತ್ತಿತು. ಸೋದರಮಾವ ಕಲೆ ಒರೆಸಲು ಟವೆಲ್ ತಂದ; ಮಗಳು ಅವನ ಕೈ ಹಿಡಿದಳು.

ಹಮಾಲಿಗಳು ಹೆಗಲು ಕೊಟ್ಟು ಎತ್ತಿದರು. ಬೀದಿಯುದ್ದಕ್ಕೂ ಸಾಲಾಗಿ ನಿಂತಿದ್ದ ಗೋಡೌನಿನ ಲಾರಿಗಳು ಒಮ್ಮೆಗೇ ಹಾರನ್ ಒತ್ತಿದವು. ಪಿನ್ನಣ್ಣ ಎಲ್ಲರ ತಲೆಗಿಂತ ಮೇಲೆ ಹೊರಟ. ಬಿಳಿ ಕಾಲರಿನ ಮೇಲೆ ಮಾಲೀಕನ ಹೆಬ್ಬೆಟ್ಟು, ಕಾರ್ಬನ್ನಿನ ನೀಲಿಯಲ್ಲಿ, ಗೆರೆ ಗೆರೆಯೂ ಸ್ಪಷ್ಟ.