ಪಾಳಿ ತಪ್ಪಿಸದವರು

"ಸೋಮವಾರ ನೀವು ಬಂದಿಲ್ಲಂತ ತೋರಸಾಕತ್ತೈತ್ರಿ," ಎಂದಳು ಬಂದವರ ಹೆಸರು ಒತ್ತುವ ತ್ರಿವೇಣಿ, ಕಂಪ್ಯೂಟರಿನಿಂದ ಮುಖ ಎತ್ತದೆ.

ಮಾತಾಡುವಷ್ಟು ಉಸಿರು ಭರಮಪ್ಪನಲ್ಲಿ ಇರಲಿಲ್ಲ. ಅಂಗಿಯ ತೋಳು ಸರಿಸಿ ಕೈ ಚಾಚಿದ. ಸೋಮವಾರ ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸಿದ್ದ ಹತ್ತಿಯ ಪಟ್ಟಿ ಇನ್ನೂ ಹಾಗೇ ಇತ್ತು, ಅಂಚು ಮಾತ್ರ ಕಪ್ಪಾಗಿತ್ತು.

"ಇದನ್ನ ಯಾರ ಹಚ್ಯಾರವ್ವಾ? ನಿಮ್ಮ ಮಂದಿನ ಅಲ್ಲೇನು?" ಎಂದಳು ಅವನ ಹೆಂಡತಿ ಕಾಡವ್ವ. "ಸೋಮವಾರ ಇದ ಖುರ್ಚಿಮ್ಯಾಲ ಕುಂತು, ನಿಮ್ಮ ಸೊಸಿ ಹಡದಳೇನಬೇ ಅಂತ ನನ್ನ ಕೇಳಿದಿ. ಇವತ್ತ ಬಂದೇ ಇಲ್ಲ ಅಂತಿ."

"ನಾ ಅನ್ನೂದಲ್ಲಬೇ. ಇದು ಅಂತೈತಿ."

ಅದು ನೆಹರು ನಗರದ ಒಂದು ಓಣಿಯಲ್ಲಿ ನಾಲ್ಕಾರು ದಾನಿಗಳು ಸೇರಿ ನಡೆಸುತ್ತಿದ್ದ ಸಣ್ಣ ಡಯಾಲಿಸಿಸ್ ಕೇಂದ್ರ. ಮೂತ್ರಪಿಂಡ ಕೆಟ್ಟವರು ವಾರಕ್ಕೆರಡು ಸಲ ಬಂದು ಯಂತ್ರದ ಮಗ್ಗುಲಲ್ಲಿ ಮಲಗಿ ರಕ್ತ ತೊಳೆಸಿಕೊಂಡು ಹೋಗಬೇಕು. ಯಂತ್ರಗಳು ಕಡಿಮೆ, ಕಾಯುವವರು ಬಹಳ. ಮೊದಲು ಪಾಳಿ ಹಚ್ಚುತ್ತಿದ್ದವನು ಒಬ್ಬ ಗುಮಾಸ್ತ. ಅವನು ಮರಾಠಿ ಮಂದಿಯನ್ನು ಮೊದಲು ಕೂಡಿಸುತ್ತಾನೆ ಎಂದು ಕನ್ನಡದವರು ಬೈದರು. ಅವನನ್ನು ತೆಗೆದು ಇನ್ನೊಬ್ಬನನ್ನು ಇಟ್ಟರೆ, ಇವನು ಕನ್ನಡದವರನ್ನೇ ಒಳಗೆ ಬಿಡುತ್ತಾನೆ ಎಂದು ಮರಾಠಿಯವರು ಬಾಗಿಲಲ್ಲಿ ಕೂತರು. ಕೇಂದ್ರದ ಕಾರ್ಯದರ್ಶಿ ತ್ರ್ಯಂಬಕರಿಗೆ ಸಾಕಾಗಿ ಹೋಯಿತು. ಪಾಳಿಯನ್ನು ಯಂತ್ರವೇ ಹಚ್ಚಲಿ, ಯಾರ ಕೈಯೂ ಅದರೊಳಗೆ ಆಡದಿರಲಿ, ನನ್ನ ಕೈಯೂ ಬೇಡ ಎಂದು ತಮ್ಮ ಪರಿಚಯದವರ ಮಗಳು ಸಾನಿಕಾಳಿಗೆ ಹೇಳಿದರು.

ಸಾನಿಕಾ ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದಳು. ಮಹಾಂತೇಶ ನಗರದ ಮನೆಯಲ್ಲಿ ಕೂತು, ಪೈಥಾನ್ ಎಂಬ ಭಾಷೆಯಲ್ಲಿ, ಜಾಂಗೋ ಎಂಬ ಸಿದ್ಧ ಚೌಕಟ್ಟಿನ ಮೇಲೆ ಈ ಪ್ರೋಗ್ರಾಂ ಕಟ್ಟಿದಳು. ಬಂದವರ ಹೆಸರು ಒತ್ತಿದರೆ ಸಾಕು, ಬಂದ ದಿನವನ್ನು ಅದು ತಾನೇ ಬರೆದುಕೊಂಡು ಮುಂದಿನ ಪಾಳಿ ಹೇಳುತ್ತದೆ. ಪಾಳಿ ತಪ್ಪಿಸಿದವರ ಜಾಗವನ್ನು ಕಾಯುವವರಿಗೆ ಕೊಡುತ್ತದೆ. ದೂರದಿಂದ ಬರುವವರು ಖಾನಾಪುರದ ಸ್ಟ್ಯಾಂಡಿನ ಬಾಜೂಕಿನ ಸೈಬರ್ ಅಂಗಡಿಯಲ್ಲಿ ಅದನ್ನು ನೋಡಿಕೊಂಡೇ ಬಸ್ಸು ಹತ್ತಬಹುದು. ತಿದ್ದುವುದಕ್ಕೆ ಗುಂಡಿಯೇ ಇಲ್ಲ. ತ್ರ್ಯಂಬಕರು ಹಾಗೆಯೇ ಬೇಕೆಂದಿದ್ದರು. ಬೇಸಿಗೆ, ಮಳೆಗಾಲ ಎರಡರಲ್ಲೂ ಅದು ಸರಿಯಾಗಿ ನಡೆದು, ಜಗಳ ನಿಂತು ಹೋಗಿತ್ತು.

ಇವತ್ತು ದಸರೆ ಮುಗಿದ ಮುಂದಿನ ಗುರುವಾರ. ತ್ರಿವೇಣಿ ಫೋನು ಮಾಡಿದ ಮೇಲೆ ಸಾನಿಕಾ ಓಡಿ ಬಂದಾಗ ಭರಮಪ್ಪನನ್ನು ಪಡಸಾಲೆಯ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಲಗಿದರೆ ಅವನಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕಾಲು ಬಾತಿದ್ದವು. ಪಾರಿಶ್ವಾಡದಿಂದ ಬಸ್ಸು ಬದಲಿಸಿ ಬಂದವನು. ಮೊದಲು ಕುರಿ ಹಿಂದೆ ದಿನವಿಡೀ ನಡೆದ ಕಾಲುಗಳು ಅವು, ಈಗ ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ.

"ಬರ್ರಿ ಮೇಡಂ," ಎಂದಳು ತ್ರಿವೇಣಿ. "ಮಂಗಳವಾರ ನಾ ಹೇಳಿದಾಗ ಮನ್ಯಾಗ ನೋಡಿ, ಎಲ್ಲಾ ಬರೋಬರಿ ಐತಿ, ನಿನ್ನ ಕೈನ ತಪ್ಪಿರಬೇಕು ಅಂದ್ರಿ. ಇವತ್ತ ಯಾರ ಕೈ?"

ಸಾನಿಕಾ ಕುರ್ಚಿ ಎಳೆದುಕೊಂಡಳು. ಭರಮಪ್ಪನ ಜಾಗಕ್ಕೆ ಯಂತ್ರ ಕರೆದಿದ್ದ ಕಲ್ಲಯ್ಯ ಎಂಬವರು ಆಗಲೇ ಒಳಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು. ಅವರೂ ರೋಗಿಯೇ, ಅವರನ್ನು ಎಬ್ಬಿಸುವಂತಿರಲಿಲ್ಲ. ಬೇರೆ ಕಡೆ ಫೋನು ಮಾಡಿ ನೋಡಿಯಾಗಿತ್ತು. ಎಲ್ಲೂ ಜಾಗ ಖಾಲಿ ಇರಲಿಲ್ಲ.

"ಕಾಕಾ, ಸಂಜಿ ಪಾಳ್ಯಾಗ ಇವರನ್ನ ಹಂಗ ಕೂಡಿಸಿಬಿಡೂಣು," ಎಂದಳು ಅವಳು ಬಾಗಿಲಲ್ಲಿ ನಿಂತಿದ್ದ ತ್ರ್ಯಂಬಕರಿಗೆ. "ಕೈಯಾಗ ಪಟ್ಟಿ ಅದ. ಇನ್ನೇನು ಸಾಕ್ಷಿ ಬೇಕು?"

ತ್ರ್ಯಂಬಕರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇವನ್ನ ಕೂಡಿಸಿದೆ ಅಂತ ತಿಳಕೋ. ಈ ಪಡಸಾಲ್ಯಾಗ ಕುಂತವರು ಒಬ್ಬೊಬ್ಬರ ಎದ್ದು ಬರ್ತಾರ. ನಾಳೆ ಚೀಟಿ ಹಿಡಕೊಂಡು ದೊಡ್ಡವರ ಕಡೆಯವರು ಬರ್ತಾರ. ನಾ ಯಾರಿಗೆ ಇಲ್ಲ ಅನ್ನಲಿ? ತಪ್ಪು ಯಂತ್ರದ್ದಿದ್ರ ಅದು ಇವನೊಬ್ಬಂದ ಅಲ್ಲ. ಏನ್ ತಪ್ಪಂತ ಹುಡುಕು, ಎಲ್ಲಾರದೂ ಒಮ್ಮೆಲೆ ಸರಿ ಮಾಡೂಣು. ಸಂಜಿ ಪಾಳಿ ಶುರು ಆಗೂದರೊಳಗ ಹುಡುಕು."

"ಸಿಗಲಿಲ್ಲಂದ್ರ?"

ಅವರು ಬೆಂಚಿನ ಕಡೆ ನೋಡಿ, ಮುಖ ತಿರುಗಿಸಿಕೊಂಡರು.

ಸಾನಿಕಾ ಮೊದಲು ಕಂಪ್ಯೂಟರಿನ ಗಡಿಯಾರ ನೋಡಿದಳು. ಸರಿ ಇತ್ತು. ಆಮೇಲೆ ದೇಶದ ಹೊತ್ತು. ಆ ಜಾಂಗೋ ಚೌಕಟ್ಟು ಹುಟ್ಟಿದ್ದು ಅಮೆರಿಕದಲ್ಲಿ. ಕೈ ಹಚ್ಚದೆ ಬಿಟ್ಟರೆ ಅಲ್ಲಿನ ಹೊತ್ತನ್ನೇ ಹಿಡಿದು ಕೂರುತ್ತದೆ, ಇಲ್ಲಿ ಹಗಲಾದರೆ ಅದಕ್ಕೆ ಇನ್ನೂ ಹಿಂದಿನ ರಾತ್ರಿ. ಅದನ್ನು ಅವಳು ಮೊದಲೇ ಬದಲಿಸಿದ್ದಳು, ಈಗಲೂ ಬದಲಿಸಿದಂತೆಯೇ ಇತ್ತು. ತೆರೆಯ ಮೇಲೆ ಹಳೆಯ ಪುಟವೇ ಉಳಿದುಕೊಂಡಿದೆಯೇನೋ ಎಂದು ಅದನ್ನೂ ಒರೆಸಿ ನೋಡಿದಳು. ಊಹೂಂ. ಭರಮಪ್ಪನ ಹೆಸರಿನ ಮುಂದೆ "ಸೋಮವಾರ ಗೈರುಹಾಜರು" ಎಂದೇ ಬರುತ್ತಿತ್ತು.

ಬೆನ್ನ ಹಿಂದೆ ಅವನ ಉಸಿರು ಕೇಳುತ್ತಿತ್ತು. ಒದ್ದೆ ಬಟ್ಟೆ ಎಳೆದಂಥ ಸದ್ದು.

"ನೀರ ಕೊಡ," ಎಂದ ಭರಮಪ್ಪ.

"ಕುಡೀಬಾರದಂತ. ತುಟಿಗೆ ಹಚ್ಚತೀನಿ, ಬಾಯಿ ತಗಿ." ಕಾಡವ್ವ ಸೆರಗಿನ ತುದಿ ಒದ್ದೆ ಮಾಡಿ ಅವನ ತುಟಿ ಒರೆಸಿದಳು. ಆಮೇಲೆ ಸಾನಿಕಾಳ ಬೆನ್ನಿಗೆ ಹೇಳಿದಳು. "ನೋಡವ್ವಾ, ನಾವು ಮಳಿ ಬರಲಿ, ಬಸ್ಸು ಕೆಡಲಿ, ಒಂದ ಪಾಳಿ ತಪ್ಪಿಸಿಲ್ಲ. ಸೊಸಿ ಬ್ಯಾನಿ ತಿನ್ನೂ ಮುಂದ ಅಕೀನ ಬಿಟ್ಟು ಬಂದೀವಿ. ನಮ್ಮನ್ನ ತಪ್ಪಿಸಿದವರು ಅಂತ ಬರದರ ಹೊಟ್ಟಿ ಉರೀತೈತಿ."

"ಹುಡುಕಾಕತ್ತೀನಿ, ಅಮ್ಮಾ."

"ಹುಡುಕು. ನನಗ ಅದರೊಳಗಿಂದು ತಿಳಿಯೂದಿಲ್ಲ. ನೀ ಹುಡುಕು."

ಪ್ರೋಗ್ರಾಂ ಹಿಂದೆ ಓಡಿಸಿದಾಗ ಕಂಪ್ಯೂಟರಿನಲ್ಲಿ ಉಳಿದ ಹಳೆಯ ಕಡತಗಳು ಹೊಸವಕ್ಕೆ ಅಡ್ಡ ಬರುವುದುಂಟು. ಸಾನಿಕಾ ಅವನ್ನೆಲ್ಲ ಅಳಿಸಿ, ಪ್ರೋಗ್ರಾಂ ಮತ್ತೆ ಶುರು ಮಾಡಿ, ಒಂದು ಸುಳ್ಳು ಹೆಸರು ಒತ್ತಿದಳು. ಬಂದ ದಿನ: ಗುರುವಾರ, ಇವತ್ತಿನ ತಾರೀಖು. ಅವಳು ಎದ್ದು ನಿಂತೇಬಿಟ್ಟಳು.

"ಕಾಕಾ! ಸಿಕ್ತು! ಹಳೇ ಕಡತ ಇದ್ವು!"

ತ್ರ್ಯಂಬಕರು ಬಂದು ಬಗ್ಗಿ ನೋಡಿದರು. "ಹಳೇ ಕಡತ ಇದ್ರ ಬರೇ ದಿನಾನ ಯಾಕ ತಪ್ಪಬೇಕು? ಹೆಸರು ತಪ್ಪಿಲ್ಲ, ಊರು ತಪ್ಪಿಲ್ಲ."

ಮಹಾಂತೇಶ ನಗರದ ಮನೆಯಲ್ಲಿಯೂ ಹೀಗೇ ಆಗಿತ್ತು. ಏನೋ ಒಂದು ಬದಲಿಸುವುದು, ಮತ್ತೆ ಓಡಿಸುವುದು, ಎಲ್ಲ ಸರಿ. ಇಲ್ಲಿಗೆ ಬಂದರೆ ತಪ್ಪು. ಸಂತೋಷ ಬಂದಷ್ಟೇ ಬೇಗ ಹೋಯಿತು. ಹೀಗೇ ಬಿಟ್ಟು ಹೋದರೆ ಇವತ್ತು ಸರಿ ಕಾಣುತ್ತದೆ, ನಾಳೆ ಇನ್ನೊಬ್ಬರು ಈ ಬೆಂಚಿನ ಮೇಲೆ ಇರುತ್ತಾರೆ.

ಅವಳು ಕೂತು, ಪ್ರೋಗ್ರಾಂ ತನ್ನೊಳಗೆ ಬರೆದುಕೊಂಡಿದ್ದನ್ನು ನೇರವಾಗಿ ತೆಗೆದಳು. ತ್ರಿವೇಣಿಯ ತೆರೆಗೆ ಬರುತ್ತಿದ್ದುದು ದಿನ ಮಾತ್ರ. ಒಳಗೆ ಗಂಟೆ, ನಿಮಿಷವೂ ಇದ್ದವು. ಭರಮಪ್ಪ ಸೋಮವಾರ ಬಂದದ್ದು ಹಿಂದಿನ ಗುರುವಾರವೆಂದು ಬರೆದಿತ್ತು. ಅವನ ಕೆಳಗಿನವರದೂ ಅದೇ ಗುರುವಾರ. ಅವರ ಕೆಳಗಿನವರದೂ ಅದೇ. ಗಂಟೆಯೂ ಅದೇ, ನಿಮಿಷವೂ ಅದೇ. ಇಷ್ಟು ಮಂದಿ, ಬೇರೆ ಬೇರೆ ಊರಿನವರು, ಒಂದೇ ಗಳಿಗೆಗೆ ಈ ಬಾಗಿಲಲ್ಲಿ ಹೇಗೆ ಬಂದರು?

"ತ್ರಿವೇಣಿ ಅಕ್ಕಾ, ಹೋದ ಗುರುವಾರ, ವಿಜಯದಶಮಿ ದಿನ, ಮುಂಜಾನೆ ಇಷ್ಟೊತ್ತಿಗೆ ಏನ್ ಮಾಡಾಕತ್ತಿದ್ರಿ?" ತೆರೆಯ ಮೇಲಿನ ಹೊತ್ತು ತೋರಿಸಿದಳು.

"ಅವತ್ತೇನು, ಹೊಸಾ ಇನ್ವರ್ಟರ್ ಬಂದಿತ್ತಲ್ಲ. ಹಿಂದಿನ ದಿನ ಖಂಡೆ ಪೂಜಿಗೆ ಎಲ್ಲಾ ಬಂದ್ ಮಾಡಿ ಕುಂಕುಮ ಹಚ್ಚಿ ಇಟ್ಟಿದ್ವಿ. ಅವತ್ತ ಮುಂಜಾನೆ ಆರತಿ ಮಾಡಿ, ಸಾಹೇಬ್ರ ಕೈಲೇ ಬಟನ್ ಒತ್ತಿಸಿದ್ವಿ. ಪೇಢೆ ಹಂಚಿದ್ವಿ. ನಿಮಗೂ ಇಟ್ಟಿದ್ದೆ, ನೀವ ಬರಲಿಲ್ಲ."

"ಅವತ್ತಿನಿಂದ ಇದನ್ನ ಬಂದ್ ಮಾಡೀರೇನು?"

"ಯಾಕ ಮಾಡೂದು? ಮದಲ ಕರೆಂಟ ದಿನಾ ರಾತ್ರಿ ಹೋಗತಿತ್ತು, ತಾನ ಬಂದ್ ಆಗತಿತ್ತು. ಈಗ ಇನ್ವರ್ಟರ್ ಐತಿ. ಹಗಲೂ ರಾತ್ರಿ ಚಾಲೂ."

ಸಾನಿಕಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ತಪ್ಪು ಅವಳದೇ, ಒಂದೇ ಸಾಲಿನದು. ಹೆಸರು ಒತ್ತಿದಾಗಲೊಮ್ಮೆ ಹೊತ್ತು ನೋಡು ಎಂದು ಪ್ರೋಗ್ರಾಮಿಗೆ ಹೇಳಬೇಕಿತ್ತು. ಶುರುವಾದಾಗ ಒಂದು ಸಲ ನೋಡಿ, ಅದನ್ನೇ ಎಲ್ಲರಿಗೂ ಬರೆ ಎಂಬಂತೆ ಅವಳು ಹೇಳಿದ್ದಳು. ಇನ್ವರ್ಟರ್ ಬರುವತನಕ ದಿನಾ ರಾತ್ರಿ ಕರೆಂಟು ಹೋಗಿ, ದಿನಾ ಮುಂಜಾನೆ ಮತ್ತೆ ಶುರುವಾಗುತ್ತಿದ್ದರಿಂದ ಆ ತಪ್ಪು ಒಂದು ದಿನವೂ ಮೇಲೆ ಬಂದಿರಲಿಲ್ಲ. ಮನೆಯಲ್ಲಿ ಅವಳೇ ಗಳಿಗೆಗೊಮ್ಮೆ ಶುರು ಮಾಡುತ್ತಿದ್ದಳು. ಯಾರೋ ಪುಣ್ಯಾತ್ಮರು ಇನ್ವರ್ಟರ್ ದಾನ ಕೊಟ್ಟರು. ಆವತ್ತಿನಿಂದ ಕೇಂದ್ರದಲ್ಲಿ ವಿಜಯದಶಮಿ ಮುಗಿಯಲೇ ಇಲ್ಲ.

ಆ ಸಾಲು ಬದಲಿಸಲು ತಡವಾಗಲಿಲ್ಲ. ಆದರೆ ಈ ಸಲ ಅವಳು ಕೂಗಲಿಲ್ಲ. ಒಂದು ಸುಳ್ಳು ಹೆಸರು ಒತ್ತಿದಳು. ಮತ್ತೇನನ್ನೂ ಮುಟ್ಟದೆ ಸುಮ್ಮನೆ ಕೂತಳು. ಗೋಡೆಯ ಗಡಿಯಾರದ ಮುಳ್ಳು ಸರಿಯಬೇಕಿತ್ತು.

"ಯಾಕ ಸುಮ್ನ ಕುಂತಿ?" ಕಾಡವ್ವ ಕೂಗಿದಳು. "ಅಂವ ಹಿಂಗ ಮಾಡಾಕತ್ತಾನ, ನೀ ಗಡಿಯಾರ ನೋಡಕೋತ ಕುಂತಿ?"

"ಖರೇನ ಸರಿ ಆತೋ ಇಲ್ಲೋ ನೋಡಾಕತ್ತೀನಿ, ಅಮ್ಮಾ. ನಿಮ್ಮ ಮನಿ ರೊಟ್ಟಿ ಇದ್ದಂಗ. ಬಂದವರಿಗೆಲ್ಲ ಬಿಸಿ ರೊಟ್ಟಿ ಬಡಿ ಅನ್ನಬೇಕಾಗಿತ್ತು. ನಾ ದಸರಿ ದಿನ ಬಡದ ರೊಟ್ಟೀನ ಎಲ್ಲಾರಿಗೂ ಹಾಕಿಸೀನಿ."

"ಹಂಗಂದ್ರ ಇಷ್ಟ ದಿನ ನಮಗ ಹಳಸಿದ್ದ ಹಾಕೀಯೇನು?"

"ಹೂಂ."

ಕಾಡವ್ವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಸಾನಿಕಾಳಿಗೆ. ಮುಳ್ಳು ಸರಿಯಿತು. ಎರಡನೆಯ ಹೆಸರು ಒತ್ತಿದಳು. ನಿಮಿಷ ಬೇರೆ ಬಂತು. ಇನ್ನೊಮ್ಮೆ ಕಾದು ಇನ್ನೊಂದು ಒತ್ತಿದಳು. ಅದೂ ಬೇರೆ.

ತ್ರ್ಯಂಬಕರು ಪಡಸಾಲೆಗೆ ಹೋಗಿ ನಿಂತರು. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿದರು. ಯಂತ್ರ ತಪ್ಪಿತ್ತು, ದಸರೆಯಿಂದ ಈಚೆಗೆ ಬರೆದ ದಿನಗಳೆಲ್ಲ ಸುಳ್ಳು, ನಿಮ್ಮ ನಿಮ್ಮ ದಿನ ನೀವೇ ಹೇಳಿ, ಬರೆಸುತ್ತೇನೆ. ಗಲಾಟೆ ಆಗುತ್ತದೆ ಎಂದು ಅವರು ಹೆದರಿದ್ದರು. ಆಗಲಿಲ್ಲ. ಒಬ್ಬೊಬ್ಬರೇ ಹೇಳಿದರು. ಮರೆತವರಿಗೆ ಬಾಜೂಕಿನವರು ನೆನಪು ಮಾಡಿಕೊಟ್ಟರು.

"ನೀವು ಶನಿವಾರ ಅಲ್ರಿ, ಶುಕ್ರವಾರ. ನನ್ನ ಡಬ್ಬಿಯೊಳಗಿನ ಉಪ್ಪಿಟ್ಟು ತಿಂದ್ರಲ್ಲ."

"ಉಪ್ಪ ಇರಲಾರದ ಉಪ್ಪಿಟ್ಟು! ಹೌದ ಬಿಡ್ರಿ, ಶುಕ್ರವಾರ."

ತಿದ್ದುವ ಗುಂಡಿಯನ್ನು ಸಾನಿಕಾ ಆವತ್ತೇ ಮೊದಲ ಸಲ ಮಾಡಿದಳು. ದಿನಗಳನ್ನೆಲ್ಲ ತುಂಬಿ, ಸಂಜೆಯ ಪಾಳಿ ತೆಗೆದಾಗ ಮೊದಲ ಹೆಸರು ಭರಮಪ್ಪನದಿರಲಿಲ್ಲ.

ಬಾಳವ್ವ, ಖಾನಾಪುರ. ಹಿಂದಿನ ಶುಕ್ರವಾರ ಬಂದಿದ್ದಳು. ಯಂತ್ರ ಅದನ್ನು ಗುರುವಾರವೆಂದು ಬರೆದು, ಮುಂದಿನ ಪಾಳಿ ಸೋಮವಾರವೆಂದು ಹಚ್ಚಿತ್ತು. ಅವಳು ತನ್ನ ವಾಡಿಕೆಯಂತೆ ಮಂಗಳವಾರ ಬಂದಾಗ, ಪಾಳಿ ತಪ್ಪಿಸಿದ್ದೀ ಎಂದು ತಿರುಗಿ ಕಳಿಸಿತ್ತು. ಶುಕ್ರವಾರದಿಂದ ಅವಳ ರಕ್ತ ತೊಳೆದಿರಲಿಲ್ಲ.

"ಅಕೀನ್ನ ಕಳಿಸಿದ್ದು ನಾನ," ಎಂದಳು ತ್ರಿವೇಣಿ ಸಣ್ಣ ದನಿಯಲ್ಲಿ. "ಅತ್ತಳು. ನಾ ಏನ್ ಮಾಡಲಿ ಅಂದೆ."

ಬಾಳವ್ವ ಕೊಟ್ಟಿದ್ದುದು ತನ್ನ ಮನೆ ಪಕ್ಕದ ಕಿರಾಣಿ ಅಂಗಡಿಯ ನಂಬರು. ಫೋನು ಮಾಡಿದಾಗ ಅಂಗಡಿಯವನು ಹೋಗಿ ನೋಡಿ ಬಂದು, ಮುಖ ಬಾತೈತ್ರಿ, ಎದ್ದು ನಿಲ್ಲಾಕತ್ತಾಳ, ಬಸ್ಸಿಗೆ ಹತ್ತಸ್ತೀವಿ ಎಂದ. ಸಂಜೆಗೆ ಮೊದಲು ಖಾಲಿಯಾಗುವ ಯಂತ್ರ ಒಂದೇ, ಕಲ್ಲಯ್ಯನವರದು. ಅವರು ಏಳಲು ಇನ್ನೂ ತಡವಿತ್ತು.

ತ್ರ್ಯಂಬಕರು ಕಾಡವ್ವನ ಎದುರು ನಿಂತರು. "ಅಕಿ ಬರೂತನಕ ಮಶಿನ್ ಖಾಲಿ ಇರ್ತದ. ಆ ಬಸ್ಸಿಗೆ ಬರಲಿಲ್ಲಂದ್ರ ನಿಮ್ಮವರನ್ನ ಕೂಡಸ್ತೀನಿ."

ಕಾಡವ್ವ ಗಂಡನ ಮುಖ ನೋಡಿದಳು. "ಮುಂಜಾನಿಂದ ನಮ್ಮ ಪಾಳಿ ನಮಗ ಕೊಡ್ರಿ ಅಂತ ಒದರಾಕತ್ತೀನಿ," ಎಂದಳು. "ಅಕೀದು ಅಕಿಗೆ ಇರಲಿ. ಆದರ ಲಗೂ ತರಸ್ರಿ, ಸಾಹೇಬ್ರ. ನಿಮ್ಮ ಕಾಲ ಬೀಳ್ತೀನಿ, ಲಗೂ ತರಸ್ರಿ."

ಸಾನಿಕಾ ರಿಕ್ಷಾ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದಳು. ಖಾನಾಪುರದ ಬಸ್ಸು ನಿಲ್ಲುವ ಜಾಗದಲ್ಲಿ ನಿಂತಳು. ಬಿಸಿಲು ಇಳಿಯುತ್ತಿತ್ತು. ಬಾಳವ್ವ ಬರಲಿ ಎಂದು ಮನಸ್ಸು ಬೇಡುತ್ತಿತ್ತು. ಅದರ ಹಿಂದೆಯೇ, ಬರದಿದ್ದರೆ ಭರಮಪ್ಪ ಮಲಗಬಹುದು ಎಂಬ ಇನ್ನೊಂದು ಮಾತು ಬರುತ್ತಿತ್ತು. ಅದನ್ನು ಅವಳು ಅತ್ತ ತಳ್ಳುತ್ತಿದ್ದಳು, ಅದು ಮತ್ತೆ ಬರುತ್ತಿತ್ತು.

ಹೊತ್ತು ಮೀರಿ ಬಸ್ಸು ಬಂತು. ಮಂದಿ ಇಳಿದರು. ಹಾಲಿನ ಕ್ಯಾನಿನವರು, ಕಾಲೇಜಿನ ಹುಡುಗಿಯರು, ಕೂಸು ಎತ್ತಿಕೊಂಡವರು. ಆಗ ಅವಳಿಗೆ ಹೊಳೆಯಿತು, ಬಾಳವ್ವನ ಮುಖ ತನಗೆ ಗೊತ್ತಿಲ್ಲ. ಆ ಹೆಸರನ್ನು ಎಷ್ಟೋ ಸಲ ಓದಿದ್ದಳು, ಅದರ ಮುಂದಿನ ಪಾಳಿ ಲೆಕ್ಕ ಹಾಕಿದ್ದಳು. ಮನುಷ್ಯಳನ್ನು ಕಂಡಿರಲಿಲ್ಲ.

"ಬಾಳವ್ವಾ!" ಎಂದು ಕೂಗಿದಳು. "ಖಾನಾಪುರದ ಬಾಳವ್ವಾ!"

ಬಸ್ಸು ಖಾಲಿಯಾಗುತ್ತ ಬಂತು. ಕೊನೆಗೆ ಕಂಡಕ್ಟರು ಒಬ್ಬ ಹೆಂಗಸಿನ ರಟ್ಟೆ ಹಿಡಿದು ಮೆಟ್ಟಿಲಿಗೆ ತಂದ. ಕಣ್ಣು ಮುಚ್ಚುವಷ್ಟು ಮುಖ ಬಾತಿತ್ತು. ಅವಳು ಕಂಬಿ ಹಿಡಿದು ನಿಂತು ಉಸಿರು ಕೂಡಿಸಿಕೊಂಡಳು. ಕೆಳಗೆ ಇಳಿಯಲಿಲ್ಲ.

"ನಾನ ಬಾಳವ್ವ," ಎಂದಳು. "ಮದಲ ಹೇಳ, ಪಾಳಿ ಐತೇನು? ಇಲ್ಲಂದ್ರ ನಾ ಇಳ್ಯಾಂಗಿಲ್ಲ. ಹೊಳ್ಳಿ ಹೋಗಾಕ ನನ್ನ ಕಡೆ ಆಗೂದಿಲ್ಲ."

"ಐತವ್ವಾ. ಮದಲಿಂದು ನಿಮ್ಮದ ಐತಿ."

ಸಾನಿಕಾ ಎರಡೂ ಕೈ ಚಾಚಿದಳು. ಅಷ್ಟರಲ್ಲಿ ಅವಳ ಚೀಲದೊಳಗಿನ ಫೋನು ಹೊಡೆದುಕೊಳ್ಳತೊಡಗಿತು. ಬಾಳವ್ವನ ಭಾರ ತೋಳಿನ ಮೇಲಿತ್ತು, ಫೋನು ತೆಗೆಯಲು ಕೈ ಇರಲಿಲ್ಲ. ಅವಳನ್ನು ರಿಕ್ಷಾದಲ್ಲಿ ಕೂಡಿಸಿ, ನೆಹರು ನಗರ, ಲಗೂ ಎಂದು ಹೇಳಿ, ಆಮೇಲೆ ತೆಗೆದಳು. ತ್ರಿವೇಣಿ ಇದ್ದಳು.

"ಎಲ್ಲಿದ್ದೀರಿ? ಕಲ್ಲಯ್ಯನವರದು ಮುಗೀತು. ಬಸ್ಸಿನ ಹೊತ್ತ ಮೀರಿತಂತ ಭರಮಪ್ಪನ್ನ ಒಳಗ ಒಯ್ದಾರ, ಸೂಜಿ ಹಾಕಾಕತ್ತಾರ. ಸಂಜಿ ಪಾಳಿ ಮಶಿನ್ ಈಗ ಖಾಲಿ ಆಕ್ಕಾವು, ಮದಲಿಂದು ಬಾಳವ್ವಂದ." ಆ ಕಡೆ ಯಾರೋ ಅಳುತ್ತಿದ್ದುದು ಕೇಳಿಸಿತು. "ಕಾಡವ್ವ. ಬಾಗಲದಾಗ ಕುಂತಾಳ, ಒಳಗ ಬಾ ಅಂದ್ರ ಬರವಲ್ಲಳು. ಅಕಿ ಬಂದಳೇನು, ಅಕಿ ಬಂದಳೇನು ಅಂತ ಒಂದ ಕೇಳಾಕತ್ತಾಳ. ಬಾಳವ್ವ ಸಿಕ್ಕಳೇನ್ರಿ?"

ಬಾಳವ್ವ ಸಾನಿಕಾಳ ಭುಜಕ್ಕೆ ತಲೆ ಆನಿಸಿದ್ದಳು. ಉಸಿರು ಹೋಗುತ್ತಿತ್ತು, ಬರುತ್ತಿತ್ತು.

"ಸಿಕ್ಕಾರ," ಎಂದಳು ಸಾನಿಕಾ. "ಬರಾಕತ್ತೀವಿ. ಮಶಿನ್ ಹಚ್ಚಿ ಇಡ್ರಿ."